ಗಾಡಿಯ ಮೂತಿ ಎತ್ತಿದ್ದು

ಹೊರ್ತಿಯ ಸಿದ್ದಲಿಂಗನ ಪಿಕಪ್ ಗಾಡಿಗೆ ಒಂದು ಹುಟ್ಟುಗುಣವಿತ್ತು. ಬೆನ್ನ ಮೇಲೆ ನಿಂಬೆಹಣ್ಣಿನ ಚೀಲವಿಲ್ಲದಾಗ ಹಿಂದೆ ಎದ್ದು, ಮೂತಿ ಬಗ್ಗಿಸಿ, ಗೋದಲಿಗೆ ಬಾಯಿ ಹಾಕಿದ ಎತ್ತಿನಂತೆ ನಿಲ್ಲುತ್ತಿತ್ತು. ಎತ್ತಿಗಾದರೂ ಮೇವು ಸಿಗುತ್ತದೆ. ಇದಕ್ಕೆ ಸಿಕ್ಕದ್ದು ರಾಡಿ.

ಆಷಾಢ ಹಿಡಿಯುವ ಮುನ್ನಾದಿನ ಹೊಸ ಹೆಂಡತಿ ಶೈಲಶ್ರೀಯನ್ನು ತವರಿಗೆ ಬಿಡಲು ಹೋದಾಗ, ಇಂಗಳೇಶ್ವರದಾಚೆಯ ಎರೆಹೊಲದ ದಾರಿಯಲ್ಲಿ ಗಾಡಿ ಮೂತಿ ಹುಗಿದು ಕುಳಿತಿತು. ಎಂಟು ಮಂದಿ, ಒಂದು ಜೋಡಿ ಎತ್ತು ಸೇರಿ ಎಳೆದರು. ಮಾವ ಪರಪ್ಪ ಬದುವಿನ ಮೇಲೆ ನಿಂತು, "ಅಳ್ಯಾರ, ನಿಮ್ಮ ಗಾಡಿ ಭಾಳ ಸಂಭಾವಿತ ಐತಿ ನೋಡ್ರಿ. ನಮ್ಮ ಹೊಲ ಕಂಡಕೂಡ್ಲೆ ದೀಡ ನಮಸ್ಕಾರ ಹಾಕ್ತು," ಎಂದ. ನಗು ಮುಗಿದ ಮೇಲೆ ಮಾತು ಬಿಗಿಯಾಯಿತು: "ಎತ್ತು ಹೂಡದಂಗ ಗಾಡಿ ನಮ್ಮ ಬಾಗಿಲಿಗೆ ತರ್ರಿ. ಅವತ್ತ ಮಗಳನ್ನ ಕಳಸ್ತೇನಿ."

ಇಳಿಯುವಾಗ ಶೈಲಶ್ರೀ ಒಳಗನ್ನಡಿಯನ್ನು ತನ್ನತ್ತ ತಿರುಗಿಸಿ ಮುಖ ನೋಡಿಕೊಂಡಳು. ಬೆವರಿಗೆ ಸಡಿಲಾದ ಹಣೆಯ ಟಿಕಳಿಯನ್ನು ಅದರ ಮೂಲೆಗೇ ಅಂಟಿಸಿ ಹೋದಳು. ಸಿದ್ದಲಿಂಗ ಆ ಕನ್ನಡಿ ಮುಟ್ಟಲಿಲ್ಲ. ಅದರಲ್ಲಿ ಅವನಿಗೆ ಕಾಣುತ್ತಿದ್ದುದು ಅವಳು ಕೂರುತ್ತಿದ್ದ ಕಡೆಯ ಖಾಲಿ ಕಿಟಕಿ. ತಿಂಗಳೊಪ್ಪತ್ತು ಹಾಗೇ ಗಾಡಿ ಹೊಡೆದ. ಹಿಂದಿನ ಲಾರಿಯವರು ಬೈದು ಬೈದು ಅವರ ಬಾಯಿ ನೊಂದಿತೇ ಹೊರತು ಕನ್ನಡಿ ಅಲುಗಲಿಲ್ಲ.

ಶ್ರಾವಣದ ಮೊದಲ ದಿನ ಕೋಳಿ ಕೂಗುವ ಮೊದಲೇ ಗಡ್ಡ ಬೋಳಿಸಿಕೊಂಡು ಹೊರಬಿದ್ದ. ಪಕ್ಕದ ಮನೆಯ ಕಸ್ತೂರೆವ್ವ ಅಂಗಳದಲ್ಲಿ ಹಬ್ಬದ ಅಳ್ಳು ಹುರಿಯಲು ಜೋಳ ಹಸನು ಮಾಡುತ್ತಿದ್ದಳು.

"ಎಲ್ಲಿಗೋ ಸಿದ್ದಾ, ಮದಿಮಗನಂಗ?"

"ಆಷಾಢ ಮುಗೀತಲ್ಲ ಆಯಿ, ಆಕಿನ್ನ ಕರ್ಕೊಂಡ ಬರ್ತೇನಿ. ಸಂಜಿಗೆ ಎರಡ ರೊಟ್ಟಿ ಜಾಸ್ತಿ ಬಡಿ."

ಮುದುಕಿ ಮೊರ ಕೆಳಗಿಟ್ಟಳು. "ಇವತ್ತಽ?" ಎಂದಳು. ಆಮೇಲೆ ಸೆರಗು ಬಾಯಿಗೆ ಹಚ್ಚಿಕೊಂಡು, "ಹೋಗಪಾ, ಹೋಗು. ಅಕ್ಕತಂಗೇರ ಇಲ್ದಾಂವ ನೀ," ಎಂದಷ್ಟೇ ಹೇಳಿ ಮತ್ತೆ ಜೋಳ ಕೇರತೊಡಗಿದಳು. ಸಿದ್ದಲಿಂಗನ ಕಿವಿ ಆಗಲೇ ಇಂಡಿ ಮುಟ್ಟಿತ್ತು.

ಇಂಡಿಯಲ್ಲಿ ಗ್ಯಾರೇಜಿನ ಇಸ್ಮಾಯಿಲ ಚಾಚಾ ಗಾಡಿಯ ಕೆಳಗೆ ಹೊಕ್ಕು ಹೊರಬಂದ. "ಮುಂದಿನ ಸ್ಪ್ರಿಂಗಿನ ಮ್ಯಾಲ ಕಬ್ಬಿಣದ ಬಿಲ್ಲೆ ಕುಂಡ್ರಿಸಿ ಮೂತಿ ಎತ್ತತೇನಿ. ಹಿಂದಿನ ಸ್ಪ್ರಿಂಗಿನ ಪಾಟಾ ಮುಟ್ಟೂದಿಲ್ಲ. ಅದನ್ನ ಇಳಿಸಿದ್ರ ನಿಂಬಿಹಣ್ಣ ಯಾರ ಹೊರ್ತಾರ, ನಿಮ್ಮ ಮಾವನ?"

ಚಹಾ ಕುಡಿಯಲು ಕುಂತವರೆಲ್ಲ ಎದ್ದು ಬಂದರು. ಒಬ್ಬ ಒಂದಿಂಚು ಸಾಕೆಂದ, ಇನ್ನೊಬ್ಬ ಎರಡೆಂದ. ಸಿದ್ದಲಿಂಗನ ಆಸೆಗೆ ಮೂರೂ ಸಾಲಲಿಲ್ಲ. "ಇನ್ನಷ್ಟ ಎತ್ತು ಚಾಚಾ, ಇನ್ನಷ್ಟ."

ಚಾಚಾ ಎತ್ತಿದ. ಮೂತಿ ಕೂಗುವ ಹುಂಜದಂತೆ ಮುಗಿಲಿಗೇರಿತು. ಒಳಗೆ ಕೂತು ನೋಡಿದರೆ ರಸ್ತೆಯೇ ಇಲ್ಲ, ಬರೇ ಮೋಡ.

"ಮಾವನ ಮನಿಗೆ ಹೊಂಟಿಯೋ, ಚಂದ್ರಗ ಹೊಂಟಿಯೋ?" ಎಂದು ಚಾಚಾ ಎಲ್ಲ ಬಿಚ್ಚಿ ಸಣ್ಣ ಬಿಲ್ಲೆ ಹಾಕಿದ. ಮಟ್ಟ ನೋಡಲು ಬಾಗಿಲ ಕೆಳಗಿನ ಪಟ್ಟಿಯ ಮೇಲೆ ನೀರಿನ ಬಾಟಲಿ ಮಲಗಿಸಿದ. ಒಳಗಿನ ಗುಳ್ಳೆ ಆ ಕಡೆ ಈ ಕಡೆ ಓಡಾಡಿ ನಡುವೆ ನಿಂತಿತು. ಅಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು.

ಬಾಜೂಕ ಯಾಸೀನನ ಟಾಯರ್ ಅಂಗಡಿ. ಸಿದ್ದಲಿಂಗ ಹೋದವನೇ ಟ್ರ್ಯಾಕ್ಟರಿನದರಂಥ ದೊಡ್ಡ ಹಲ್ಲಿನ ಟಾಯರು ತಬ್ಬಿಕೊಂಡ.

"ಅಣ್ಣಾ, ಅದು ಬರೇ ರಾಡಿಗೆ. ಡಾಂಬರ ಮ್ಯಾಲ ಗುಂಯ್ ಅಂತ ಅಳತೈತಿ. ಬಾಜೂಕ ಕುಂತಾಕಿ ಏನರ ಮಾತಾಡಿದ್ರ ಕೇಳಬ್ಯಾಡೇನ?"

ಆ ಒಂದು ಮಾತಿಗೆ ಸಿದ್ದಲಿಂಗನ ಕೈ ಸಡಿಲಾಯಿತು. ಡಾಂಬರಿಗೂ ಸೈ, ರಾಡಿಗೂ ಸೈ ಎನ್ನುವ ನಡುವಿನ ಜಾತಿಯದು ಹಾಕಿಸಿದ. ಹಲ್ಲುಗಳ ಸಂದಿಯಲ್ಲಿ ಬೆರಳು ತೂರಿಸಿ ನೋಡಿದ. ಎರೆಮಣ್ಣು ಹಿಡಿದುಕೊಳ್ಳದೆ ತಾನೇ ಉದುರುವಷ್ಟು ಜಾಗವಿತ್ತು.

ಬಾಗೇವಾಡಿ ದಾಟಿದ ಮೇಲೆ ಮಳೆ ಹಿಡಿಯಿತು. ಎರೆಹೊಲದ ದಾರಿ ಅಂಬಲಿಯಾಗಿತ್ತು. ಸಿದ್ದಲಿಂಗ ಉಸಿರು ಹಿಡಿದ. ಗಾಡಿ ಮಾತ್ರ ತವರಿಗೆ ಹೊರಟ ಹೆಣ್ಣುಮಗಳಂತೆ, ಎಲ್ಲೂ ನಿಲ್ಲದೆ, ಯಾರನ್ನೂ ಕೇಳದೆ, ಮಾವನ ಬಾಗಿಲಿಗೇ ಹೋಗಿ ನಿಂತಿತು.

ಬೇವಿನ ಮರಕ್ಕೆ ಹೊಸ ಹಗ್ಗದ ಜೋಕಾಲಿ. ಅದರ ಮೇಲೆ ಶೈಲಶ್ರೀ. ಪರಪ್ಪ ಓಡಿಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟಾಯರು ಒತ್ತಿ ನೋಡಿ, "ಸೋತೆ ಅಳ್ಯಾರ, ಸೋತೆ!" ಎಂದ.

"ಹಂಗಾರ ಕಳಸ್ರಿ ಮಾವಾರ. ಕತ್ತಲಾಗೂದರಾಗ ಮನಿ ಮುಟ್ತೇವಿ."

ಅಂಗಳದಲ್ಲಿದ್ದವರೆಲ್ಲ ಒಟ್ಟಿಗೇ ನಕ್ಕರು. ಶೈಲಶ್ರೀ ಜೋಕಾಲಿಯಿಂದ ಜಿಗಿದಳು. "ಏನ್ರಿ, ಇನ್ನ ನಾಕ ದಿನಕ್ಕ ಪಂಚಮಿ! ಪಂಚಮಿಗೆ ಹೆಣ್ಮಕ್ಕಳು ತವರಿಗೆ ಬರ್ತಾರೋ, ತವರ ಬಿಟ್ಟ ಹೋಗ್ತಾರೋ?"

ಸಿದ್ದಲಿಂಗನ ಮನೆಗೆ ಪಂಚಮಿಗೆಂದು ಬರುವ ಹೆಣ್ಣುಮಗಳು ಎಂದೂ ಇರಲಿಲ್ಲ. ಅವನಿಗೆ ಹಬ್ಬವೆಂದರೆ ಬರೇ ಉಂಡಿ. ಕಸ್ತೂರೆವ್ವ ಸೆರಗು ಬಾಯಿಗೆ ಹಚ್ಚಿದ್ದೇಕೆಂದು ಈಗ ತಿಳಿಯಿತು.

ಪರಪ್ಪ ಹೆಗಲ ಮೇಲೆ ಕೈ ಹಾಕಿದ. "ಶಿವಾ ಕಳಿಸಿದಂಗ ಬಂದ್ರಿ. ಈ ರಾಡಿಗೆ ಯಾವ ಗಾಡಿಯವರೂ ಒಲ್ಲೆ ಅಂದಾರ. ನಮ್ಮ ಅಣ್ಣತಮ್ಮರ ಹೆಣ್ಮಕ್ಕಳು ಸಿಂದಗಿಯೊಳಗ ಇಬ್ರು, ಮುದ್ದೇಬಿಹಾಳದಾಗ ಒಬ್ಬಾಕಿ, ನಾಲತವಾಡದಾಗ ಮೂವರು, ತವರಿನ ದಾರಿ ನೋಡ್ಕೊಂತ ಕುಂತಾರ. ನಾಳಿ ಮುಂಜಾನಿಂದ ಅವರನ್ನ ಕರ್ಕೊಂಡ ಬರ್ರಿ. ಹಬ್ಬ ಆದಿಂದ ಒಬ್ಬೊಬ್ಬರನ್ನ ಗಂಡನ ಮನಿಗೆ ಮುಟ್ಟಿಸಿ, ಕಡೀಕ ನಮ್ಮಾಕಿನ್ನ ಕರ್ಕೊಂಡ ಹೋಗೀರಂತ."

ಶೈಲಶ್ರೀ ಗಾಡಿ ಹತ್ತಿ ನೋಡಿದಳು. ಕನ್ನಡಿಯ ಮೂಲೆಯಲ್ಲಿ ಬಣ್ಣ ಮಾಸಿದ ಟಿಕಳಿ. "ಇನ್ನೂ ಹಂಗಽ ಬಿಟ್ಟೀರೇನ್ರಿ?" ಎಂದಳು, ದನಿ ತಗ್ಗಿಸಿ. ಆಮೇಲೆ ಟಿಕಳಿ ಕಿತ್ತೆಸೆದು, ಕನ್ನಡಿಯನ್ನು ನೆಟ್ಟಗೆ ತಿರುಗಿಸಿದಳು.

"ನಾಳಿ ಹಿಂದ ಹೆಣ್ಮಕ್ಕಳು ಕುಂಡ್ರತಾರ. ನೋಡ್ಕೊಂಡ ಹೊಡೀರಿ."

ಗಾಡಿ ಮಟ್ಟಸವಾಗಿ, ಮೂತಿ ಎತ್ತಿ ನಿಂತಿತ್ತು. ಸಿದ್ದಲಿಂಗನೇ ಬೇವಿನ ಮರದ ಕೆಳಗೆ, ಗೋದಲಿಗೆ ಬಾಯಿ ಹಾಕಿದ ಎತ್ತಿನಂತೆ, ಮೂತಿ ಬಗ್ಗಿಸಿ ನಿಂತಿದ್ದ.