ಏಳೂ ಇಪ್ಪತ್ತರ ಬಸ್ಸು ಮತ್ತು ಗುಬ್ಬಿಯ ಪರೀಕ್ಷಕರು

ತುಮಕೂರು
ಮಾರ್ಚ್ ೨೦೦೮

ಗುಬ್ಬಿಯ ನಿವೃತ್ತ ಮುಖ್ಯೋಪಾಧ್ಯಾಯರೂ, ನನ್ನ ಹೆಂಡತಿ ಕೃತಿಕಾಳ ತಂದೆಯವರೂ, ‘ಬಸ್ಸು ಬಂತು’ ಎಂಬ ಮೊಬೈಲ್ ಅಪ್ಲಿಕೇಶನ್ನಿನ ಪ್ರಧಾನ ಪರೀಕ್ಷಕರೂ ಆದ ಶ್ರೀ ಮಹಾಲಿಂಗಯ್ಯನವರ ಸನ್ನಿಧಿಗೆ, ಅಳಿಯ ರವೀಶ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಇತ್ತ ನಾನೂ ಕೃತಿಕಾಳೂ ತಮ್ಮ ಆಶೀರ್ವಾದದಿಂದ ಕ್ಷೇಮವಾಗಿದ್ದೇವೆ. ಅಪ್ಲಿಕೇಶನ್ ಮಾತ್ರ ಕ್ಷೇಮವಾಗಿಲ್ಲವೆಂದು ಮೊನ್ನೆ ತಿಳಿದುಬಂತು. ಅದು ಕಾಯಿಲೆ ಬಿದ್ದು ಬಹಳ ದಿನವಾಗಿದೆಯಂತೆ. ತಾವು ಅದರ ತಲೆದೆಸೆಯಲ್ಲೇ ಕೂತಿದ್ದು, ಎಲ್ಲವನ್ನೂ ಕಣ್ಣಾರೆ ಕಂಡು, ಆದರೂ ಭಾನುವಾರ ಬಂತೆಂದರೆ ಫೋನಿನಲ್ಲಿ ‘ಭಾಳ ಚೆನ್ನಾಗಿದೆ ಅಳಿಯಂದ್ರೆ, ಹೇಳೋ ಹಾಗೇ ಇಲ್ಲ’ ಎಂದು ಅಪ್ಪಣೆ ಕೊಡಿಸುತ್ತಿದ್ದ ದೊಡ್ಡ ಮನಸ್ಸನ್ನು ಕುರಿತು ಪತ್ರಿಕೆಯಲ್ಲಿ ನಾಲ್ಕು ಜನರ ಎದುರಿಗೆ ದೂರದೆ ನನಗೆ ಬೇರೆ ದಾರಿ ತೋಚಲಿಲ್ಲ. ಮನೆಯೊಳಗೆ ದೂರಿದರೆ ತಾವು ಹೋಳಿಗೆ ಬಡಿಸಿಬಿಡುತ್ತೀರಿ.

ವಿಷಯವೇನೆಂದು ಓದುಗರಿಗೂ ತಿಳಿಯಲಿ. ಹಿರೇಹಳ್ಳಿಯ ಒಂದು ಕಾರ್ಖಾನೆಯ ಟೈಂ ಆಫೀಸಿನಲ್ಲಿ ಕೂತು, ಬಂದವರ ಹಾಜರಿಯನ್ನೂ ತಡವಾಗಿ ಬಂದವರ ಸಬೂಬನ್ನೂ ಬರೆದುಕೊಳ್ಳುವುದು ನನ್ನ ನೌಕರಿ. ‘ಬಸ್ ಸಿಗ್ಲಿಲ್ಲ ಸಾರ್’ ಎಂಬ ಒಂದೇ ಸಬೂಬನ್ನು ಕೇಳಿ ಕೇಳಿ ಸಾಕಾಗಿ, ರಜೆಯ ದಿನಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು ಈ ಅಪ್ಲಿಕೇಶನ್ ಬರೆದೆ. ಜಾವಾ ಎಂಬ ತಂತ್ರಾಂಶ ಇರುವ ಯಾವ ಮೊಬೈಲಿಗೆ ಬೇಕಾದರೂ ಹಾಕಿಕೊಳ್ಳಬಹುದು. ಊರಿನ ಹೆಸರು ಒತ್ತಿದರೆ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸುತ್ತಮುತ್ತ ಮುಂದಿನ ಪ್ರೈವೇಟ್ ಬಸ್ಸು ಎಷ್ಟು ಹೊತ್ತಿಗೆಂದು ತೋರಿಸುತ್ತದೆ. ಶಿರಾ ಗೇಟಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅಹಮದ್ ಪಾಷಾ ಅವರು ಯುಗಾದಿಯಿಂದ ಅದನ್ನು ತಮ್ಮ ಗಿರಾಕಿಗಳ ಫೋನಿಗೆ ಹಾಕಿಕೊಡಲು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ‘ಮೊದ್ಲು ನಾಲ್ಕು ಜನದ ಕೈಗೆ ಕೊಟ್ಟು ನೋಡಿ ಸಾರ್. ಹೊಗಳೋರಿಗೆ ಕೊಡ್ಬೇಡಿ, ಬೈಯೋರಿಗೆ ಕೊಡಿ. ಆಮೇಲೆ ಗಿರಾಕಿ ಬೈಯೋದು ನಿಮ್ಗಲ್ಲ, ನನ್ಗೆ.’

ಬೈಯುವವರು ಎಂದ ಕೂಡಲೇ ನನ್ನ ಕಣ್ಣ ಮುಂದೆ ಬಂದು ನಿಂತದ್ದು ತಮ್ಮ ಮೂರ್ತಿ. ಗುಬ್ಬಿ ತಾಲ್ಲೂಕಿನಲ್ಲಿ ತಮ್ಮಷ್ಟು ಚೆನ್ನಾಗಿ ತಪ್ಪು ಹುಡುಕುವವರು ಹಿಂದೆ ಹುಟ್ಟಿಲ್ಲ. ಮದುವೆಯ ಕರೆಯೋಲೆ ಕೊಡಲು ಬಂದವರನ್ನು ಕೂರಿಸಿಕೊಂಡು, ಕೆಂಪು ಪೆನ್ನಿನಲ್ಲಿ ತಿದ್ದಿ, ಮದುಮಗನ ತಂದೆಯ ಕೈಗೇ ವಾಪಸು ಕೊಟ್ಟವರು ತಾವು. ಹೋಟೆಲಿನ ಉಪ್ಪಿಟ್ಟಿನಲ್ಲಿ ರವೆ ಹುರಿದದ್ದು ಸಾಲದೆಂದು ಅಡುಗೆ ಭಟ್ಟರನ್ನೇ ಹೊರಗೆ ಕರೆಸಿ ಪಾಠ ಮಾಡಿದವರು. ಇಂಥವರ ಕೈಗೆ ಸಿಕ್ಕಿದರೆ ನನ್ನ ಅಪ್ಲಿಕೇಶನ್ ಬೆಂಕಿಯಲ್ಲಿ ಬೆಂದ ಚಿನ್ನವಾಗಿ ಈಚೆ ಬರುತ್ತದೆಂದು ನಂಬಿ, ಹೊಸ ಫೋನನ್ನೇ ತಂದು ತಮಗೆ ಒಪ್ಪಿಸಿದೆ. ನಾನು ಮರೆತದ್ದು ಒಂದೇ ಒಂದು ಸಣ್ಣ ವಿಷಯ, ತಾವು ನನ್ನ ಮಾವ ಎಂಬುದು.

ಅಳಿಯ ತಂದ ವಸ್ತುವಿನಲ್ಲಿ ತಪ್ಪು ಹುಡುಕಬಾರದೆಂಬ ನಮ್ಮ ಕಡೆಯ ಪದ್ಧತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಅಳಿಯ ತಂದ ಹುಳುಕು ಬದನೆಕಾಯಿಯ ಪಲ್ಯವೂ ರುಚಿಯೇ, ಅಳಿಯ ಹೇಳಿದ ಹಳೇ ಜೋಕಿಗೂ ನಗಬೇಕು. ಆದರೆ ಇದು ಮೊಬೈಲ್ ಅಪ್ಲಿಕೇಶನ್ನಿಗೂ ಅನ್ವಯಿಸುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅತ್ತೆ ಸಿದ್ದಗಂಗಮ್ಮನವರು ಫೋನನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆ ಕುಂಕುಮ ಒಳಗಿಳಿದು ಐದರ ಬಟನ್ನು ಕಚ್ಚಿಕೊಂಡಿತಂತೆ. ಅದನ್ನೂ ತಾವು ಹೇಳಲಿಲ್ಲ, ಕೃತಿಕಾ ಹಬ್ಬಕ್ಕೆ ಬಂದಾಗ ಕಂಡುಹಿಡಿದಳು.

ಪರೀಕ್ಷಕರಲ್ಲಿ ತಾವೊಬ್ಬರೇ ಹೀಗೆಂದು ನಾನು ಹೇಳಿದರೆ ಅನ್ಯಾಯವಾದೀತು. ಕುಣಿಗಲ್ಲಿನಿಂದ ಓಡಾಡುವ ನನ್ನ ಸಹೋದ್ಯೋಗಿ ರಂಗಯ್ಯನವರು ಅಪ್ಲಿಕೇಶನ್ ಹಾಕಿಸಿಕೊಂಡ ಮರುದಿನವೇ ‘ಸೂಪರ್ ಆಗೈತೆ ಬಾಸ್’ ಎಂದರು. ಅವರ ಫೋನಿನಲ್ಲಿ ಜಾವಾ ಇರಲಿಲ್ಲವೆಂದೂ, ನಾನು ಬೇಜಾರು ಮಾಡಿಕೊಳ್ಳುತ್ತೇನೆಂದು ಸುಮ್ಮನಿದ್ದರೆಂದೂ ಆಮೇಲೆ ತಿಳಿಯಿತು. ಅವರದು ಬರೀ ದಾಕ್ಷಿಣ್ಯ. ತಮ್ಮದಾದರೋ ದಾಕ್ಷಿಣ್ಯದ ಜೊತೆಗೆ ಕಾರ್ಯಶಕ್ತಿಯೂ ಸೇರಿಕೊಂಡಿತ್ತು. ಅಲ್ಲೇ ಅನಾಹುತವಾದದ್ದು.

ನಡೆದದ್ದನ್ನು ಈಗ ನನಗೆ ತಿಳಿದ ಮಟ್ಟಿಗೆ ನಿವೇದಿಸಿಕೊಳ್ಳುತ್ತೇನೆ. ಬೆಳಿಗ್ಗೆ ಗುಬ್ಬಿಯಿಂದ ತುಮಕೂರಿಗೆ ಹೊರಡುವ ಗುಂಡಯ್ಯನವರ ಬಸ್ಸು ಏಳೂ ಐದಕ್ಕೆ. ನನ್ನ ಅಪ್ಲಿಕೇಶನ್ನಿನಲ್ಲಿ ಅದು ಏಳೂ ಇಪ್ಪತ್ತು ಎಂದು ಬಿದ್ದಿತ್ತು. ತಾವು ಎಂದಿನಂತೆ ಪೇಪರ್ ಓದಲು ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿ ಕೆಲಸಕ್ಕೆ ಹೊರಟು ನಿಂತಿದ್ದ ಹೆಂಗಸರಿಗೆ ಫೋನು ತೋರಿಸಿ, ‘ನಮ್ಮಳಿಯಂದ್ರು ಮಾಡಿರೋದು. ಇನ್ನೂ ಟೈಮಿದೆ, ಹೋಗಿ ಟೀ ಕುಡ್ಕೊಂಡ್ ಬನ್ರಮ್ಮಾ’ ಎಂದು ಅಭಯ ಕೊಟ್ಟಿರಿ. ಮೇಷ್ಟ್ರ ಮಾತು, ಅವರು ಟೀ ಕುಡಿಯಲು ಹೋದರು, ಬಸ್ಸು ಹೊರಟುಹೋಯಿತು.

ಇಂಥ ಸಂದರ್ಭದಲ್ಲಿ ಸಾಮಾನ್ಯ ಪರೀಕ್ಷಕನಾದವನು ಏನು ಮಾಡುತ್ತಾನೆ? ಫೋನು ಮಾಡಿ, ನಿನ್ನ ಲೆಕ್ಕ ತಪ್ಪಿದೆ ಎನ್ನುತ್ತಾನೆ. ತಾವು ಹಾಗೆ ಕೀಳು ದಾರಿ ಹಿಡಿಯಲಿಲ್ಲ. ಬಸ್ಸಿನ ಮಾಲೀಕರಾದ ಗುಂಡಯ್ಯನವರು ತಮ್ಮ ಹಳೇ ವಿದ್ಯಾರ್ಥಿ. ಅವರನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು, ಬಸ್ಸನ್ನೇ ಏಳೂ ಇಪ್ಪತ್ತಕ್ಕೆ ಬಿಡುವಂತೆ ಹೇಳಿದಿರಿ. ಆ ಪುಣ್ಯಾತ್ಮರಿಗೆ ಮೇಷ್ಟ್ರ ಎದುರು ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಂದಿನಿಂದ ಬಸ್ಸು ಪ್ರತಿದಿನ ಇಂಜಿನ್ ಶುರುಮಾಡಿಕೊಂಡು, ಹಾರನ್ ಹೊಡೆಯುತ್ತ, ಏಳೂ ಇಪ್ಪತ್ತು ಆಗಲಿ ಎಂದು ಕಾಯುತ್ತಾ ನಿಲ್ಲತೊಡಗಿತು. ಫೋನನ್ನು ತಿದ್ದುವ ಬದಲು ಬಸ್ಸನ್ನು ತಿದ್ದಿದ ಪರೀಕ್ಷಕರು ಪ್ರಪಂಚದಲ್ಲಿ ಇನ್ನೆಲ್ಲಾದರೂ ಇದ್ದರೆ ಅವರ ವಿಳಾಸ ತಿಳಿಸಬೇಕಾಗಿ ಪ್ರಾರ್ಥನೆ.

ಅತ್ತ ಹಿರೇಹಳ್ಳಿಯಲ್ಲಿ ನಾನು, ನಮ್ಮ ಕಾರ್ಖಾನೆಗೆ ಬರುವ ಗುಬ್ಬಿಯ ಹೆಂಗಸರೆಲ್ಲ ಒಟ್ಟಿಗೆ ತಡವಾಗಿ ಬರುತ್ತಿದ್ದಾರೆಂದು ಅವರ ಹೆಸರ ಮುಂದೆ ಕೆಂಪು ಗೆರೆ ಎಳೆಯುತ್ತಾ ಕೂತಿದ್ದೆ. ಕೊನೆಗೊಂದು ದಿನ ಹನುಮಂತಮ್ಮ ಎಂಬ ಹೆಂಗಸನ್ನು ತಡೆದು, ಯಾಕಮ್ಮ ದಿನಾ ಹೀಗೆ ಎಂದು ಗದರಿದೆ. ಆಕೆ ನನ್ನ ಮುಖ ನೋಡಿ, ‘ಏನ್ ಮಾಡದು ಸಾರ್, ಬಸ್ಸೇ ಬುಡಾಕಿಲ್ಲ ಅಂತಾರೆ. ಮೇಷ್ಟ್ರಳಿಯ ಅದ್ಯಾವ್ದೋ ಮೊಬೈಲ್ನಾಗೆ ಏಳೂ ಇಪ್ಪತ್ತು ಅಂತ ಬರ್ದವ್ನಂತೆ. ಯಾವನೋ ಏನೋ, ಆ ಅಳಿಯ ಒಂದ್ಸಲ ನನ್ ಕೈಗೆ ಸಿಗ್ಲಿ’ ಎಂದಳು. ಅಳಿಯ ಆಗಲೇ ಆಕೆಯ ಕೈಗೆ ಸಿಕ್ಕು, ಕೆಂಪು ಪೆನ್ನು ಹಿಡಿದು ಎದುರಿಗೇ ಕೂತಿದ್ದ. ಆ ಗೆರೆಗಳನ್ನೆಲ್ಲ ನಾನೇ ಹೊಡೆದುಹಾಕಿ, ತಪ್ಪು ನನ್ನದೆಂದು ಮ್ಯಾನೇಜರಿಗೆ ಬರೆದುಕೊಟ್ಟೆ. ಇಷ್ಟು ದಿನಗಳಲ್ಲಿ ನನಗೆ ಸಿಕ್ಕ ಮೊದಲನೆಯ ಪರೀಕ್ಷಾ ವರದಿ ಹನುಮಂತಮ್ಮನದೇ.

ಆದ್ದರಿಂದ ಮಾನ್ಯರೇ, ಮುಂದೆ ಇನ್ನಷ್ಟು ಅನಾಹುತವಾಗುವ ಮೊದಲೇ ಕೆಲವು ಅರಿಕೆಗಳನ್ನು ಮಾಡಿಕೊಳ್ಳುತ್ತೇನೆ. ನನ್ನ ಅಪ್ಲಿಕೇಶನ್ನಿನ ಪ್ರಕಾರ, ತುಮಕೂರಿನ ಆಚೆ ದಿಕ್ಕಿನಲ್ಲಿರುವ ದೇವರಾಯನದುರ್ಗಕ್ಕೆ ಹೋಗುವ ಬಸ್ಸು ಕುಣಿಗಲ್ ಮೇಲೆ ಹಾದುಹೋಗುತ್ತದೆಂದು ಈಗ ತಿಳಿದಿದೆ. ದಯಮಾಡಿ ಬೆಟ್ಟವನ್ನು ಆ ಕಡೆಗೆ ಸರಿಸಲು ಯಾರಿಗೂ ಹೇಳಿಕಳಿಸಬೇಡಿ. ಅರಣ್ಯ ಇಲಾಖೆಯಲ್ಲೂ ತಮ್ಮ ವಿದ್ಯಾರ್ಥಿಗಳಿದ್ದಾರೆಂದು ನನಗೆ ಗೊತ್ತು, ಅದಕ್ಕೇ ಈ ಭಯ. ಆದರೆ ಬೆಟ್ಟ ಸರಿಸುವ ಕೆಲಸ ಈಗಾಗಲೇ ಅರ್ಧ ಮುಗಿದಿದ್ದರೆ ಮಾತ್ರ ಪೂರ್ತಿ ಮಾಡಿಬಿಡಿ, ನಾನು ಅಪ್ಲಿಕೇಶನ್ನನ್ನು ತಿದ್ದದೆ ಹಾಗೇ ಬಿಡುತ್ತೇನೆ.

ತಮಾಷೆ ಇರಲಿ. ಯುಗಾದಿಗೆ ಹೆಚ್ಚು ದಿನ ಉಳಿದಿಲ್ಲ. ಪಾಷಾ ಅವರು ಅಂಗಡಿಯ ಮುಂದೆ ಬೋರ್ಡು ಬರೆಸಿದ್ದಾರೆ. ಶಿರಾ ಗೇಟಿನಲ್ಲಿ ನಾನು ಯಾರ ಅಳಿಯನೂ ಅಲ್ಲ. ಅಲ್ಲಿ ಫೋನಿಗೆ ಹಾಕಿಸಿಕೊಂಡು ಹೋದವರು ಯಾವುದೋ ಆಸ್ಪತ್ರೆಗೋ ಪರೀಕ್ಷೆಗೋ ಹೊರಟು, ನನ್ನ ಮಾತು ನಂಬಿ ನಿಂತು ಬಸ್ಸು ತಪ್ಪಿಸಿಕೊಂಡರೆ, ಅವರಿಗೋಸ್ಕರ ಬಸ್ಸು ತಡೆಯಲು ಅಲ್ಲಿ ತಾವಿರುವುದಿಲ್ಲ. ಇದರಲ್ಲಿ ಏನೇನು ತಪ್ಪಿದೆಯೆಂದು ಅಷ್ಟರೊಳಗೆ ಯಾರಾದರೂ ನನಗೆ ಮುಖದ ಮೇಲೆ ಹೇಳಲೇಬೇಕು, ಇಲ್ಲದಿದ್ದರೆ ಇದನ್ನು ನಾನು ಹೊರಗೆ ಬಿಡುವಂತಿಲ್ಲ. ಬಲ್ಲವರು ತಾವೊಬ್ಬರೇ. ತಾವೋ ಬಾಯಿ ಬಿಡುವುದಿಲ್ಲ.

ಇನ್ನೊಂದು ಮಾತನ್ನೂ ಬರೆದುಬಿಡುತ್ತೇನೆ. ತಮ್ಮ ಮಗ, ಅಂದರೆ ನನ್ನ ಭಾವಮೈದ, ಹೋದ ವರ್ಷ ಹೊಸ ಟಾರ್ಚು ತಂದಾಗ ತಾವು ಅದನ್ನು ತಿರುಗಿಸಿಯೂ ನೋಡದೆ, ‘ಯಾವನ್ಲಾ ನಿಂಗೆ ಟೋಪಿ ಹಾಕ್ದೋನು, ಇದನ್ ಬಾವಿಗೆ ಹಾಕು’ ಎಂದಿರಿ. ಅವನು ನಗುತ್ತಾ ಹೋಗಿ ಊಟಕ್ಕೆ ಕೂತ. ನನ್ನ ತಟ್ಟೆಗೆ ಮಾತ್ರ ಕೇಳುವ ಮೊದಲೇ ತುಪ್ಪ ಬಿತ್ತು. ಅಂದು ಅವನನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ತಂದೆ ಹೋದ ಮೇಲೆ ನನ್ನನ್ನು ಬೈಯುವವರು ಯಾರೂ ಇಲ್ಲ. ತಮ್ಮ ಮನೆಗೆ ಅಳಿಯನಾಗಿ ಬಂದು ನಾಲ್ಕು ವರ್ಷವಾಯಿತು, ಇನ್ನೂ ಜಮಖಾನದ ಮೇಲೆ ಕೂರಿಸಿ ಮಾತಾಡಿಸುತ್ತೀರಿ. ಒಂದು ಸಲ ಬೈದು ನೋಡಿ, ನಾನು ತಡೆದುಕೊಳ್ಳಬಲ್ಲೆ.

ನನ್ನ ಅರಿಕೆಯಲ್ಲಿ ಹೆಚ್ಚುಕಡಿಮೆ ಮಾತು ಬಂದಿದ್ದರೆ ಕ್ಷಮಿಸಬಾರದಾಗಿ, ಅದಕ್ಕೂ ಸೇರಿಸಿ ಬೈಯಬೇಕಾಗಿ ವಿನಂತಿಸುತ್ತಾ, ಅತ್ತೆಯವರಿಗೆ ನಮಸ್ಕಾರಗಳನ್ನು ತಿಳಿಸುತ್ತಾ ಮುಗಿಸುತ್ತೇನೆ.

ತಮ್ಮ ವಿಶ್ವಾಸಿ,
ಹೊಗಳಿಕೆಯಿಂದ ನೊಂದ ಅಳಿಯ,
ರವೀಶ

ತಾ.ಕ.: ಬಿಡುಗಡೆಗೆ ಮುಂಚೆ ಏನನ್ನೇ ಆಗಲಿ ಪರೀಕ್ಷೆಗೆ ಕೊಡಬೇಕೆಂಬ ನಿಯಮದಂತೆ ಈ ಪತ್ರವನ್ನೂ ಅಚ್ಚಿಗೆ ಕಳಿಸುವ ಮೊದಲು ತಮ್ಮ ಮನೆಗೇ ತಂದು ತಮಗೇ ಓದಲು ಕೊಟ್ಟೆ. ತಾವು ಪೂರ್ತಿ ಓದಿ, ಕನ್ನಡಕ ತೆಗೆದು, ‘ಭಾಳ ಚೆನ್ನಾಗಿ ಬರ್ದಿದೀರಿ ಅಳಿಯಂದ್ರೆ, ಒಂದಕ್ಷರ ತೆಗೆಯೋ ಹಾಗಿಲ್ಲ’ ಎಂದು ಹೇಳಿ ಒಳಗೆ ಹೋದಿರಿ. ಅಡುಗೆಮನೆಯಲ್ಲಿ ತಾವು ಅತ್ತೆಯವರಿಗೆ ಹೇಳಿದ್ದು ನಡುಮನೆಯಲ್ಲಿ ಕೂತಿದ್ದ ನನಗೆ ಕೇಳಿಸಿತು. ‘ಏನೇ, ನಿನ್ನಳಿಯಂಗೆ ತಲೆ ಇದ್ಯಾ? ಮಧ್ಯಾಹ್ನದ ಬಸ್ನ ಮಧ್ಯರಾತ್ರಿಗೆ ಹಾಕವ್ನೆ. ಕುಣಿಗಲ್ ಒತ್ತಿದ್ರೆ ಗುಬ್ಬಿ ಬರ್ತದೆ. ಭಾನುವಾರ ಓಡದೇ ಇರೋ ಬಸ್ಸೆಲ್ಲಾ ಓಡ್ತವೆ. ನನ್ ಸ್ಕೂಲಲ್ಲಿ ಓದಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ದೆ ದಂಡಪಿಂಡನ್ನ.’ ಅತ್ತೆಯವರು, ‘ಮೆತ್ತಗೆ ಮಾತಾಡ್ರಿ, ಕೇಳಿಸ್ಕೊಂಡಾರು’ ಎಂದರು. ನಾನು ಕೇಳಿಸಿಕೊಂಡೆ. ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಕೇಳಿಸಿದ ಒಂದೊಂದನ್ನೂ ಅಂಗೈ ಮೇಲೆ ಬರೆದುಕೊಂಡು ಬಂದು ತಿದ್ದಿದ್ದೇನೆ, ಗುಂಡಯ್ಯನವರ ಬಸ್ಸು ಮತ್ತೆ ಏಳೂ ಐದಕ್ಕೆ ಹೊರಡಬಹುದು. ಪ್ರಧಾನ ಪರೀಕ್ಷಕರ ಹುದ್ದೆಯಲ್ಲಿ ತಾವೇ ಮುಂದುವರಿಯಬೇಕು. ವರದಿಯನ್ನು ನನಗೆ ಕೊಡುವ ತೊಂದರೆ ಬೇಡ, ಎಂದಿನಂತೆ ಅತ್ತೆಯವರಿಗೇ ಕೊಡಿ. ಅಷ್ಟು ಹೊತ್ತು ಮಿಕ್ಸಿ ಹಾಕಬಾರದೆಂದು ಮಾತ್ರ ಅವರಿಗೆ ಹೇಳಿ, ಚಟ್ನಿಯ ಸದ್ದಿನಲ್ಲಿ ಕೊನೆಯ ಒಂದೆರಡು ತಪ್ಪು ನನಗೆ ಕೇಳಿಸಲಿಲ್ಲ.