ಕೋಳಿಮರಿಗಳ ಶ್ರಾವಣ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಶ್ರಾವಣ ಬಂತೆಂದು ಬಾಡು ಬಿಡುವ ಮನುಷ್ಯರನ್ನು ನೀವು ಬೇಕಾದಷ್ಟು ಕಂಡಿದ್ದೀರಿ. ಕೋಳಿಮರಿಗಳಿಗೆ ಬಾಡು ಬಿಡಿಸಿದವನನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನ ತೊಟ್ಟಿಲು ತೂಗಿದವಳೇ ನಾನು. ನನ್ನ ತಮ್ಮ.

ನಂಜನಗೂಡಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಅವನು ಕಂಡಕ್ಟರ್ ಆಗಿದ್ದ. ಕೆಲಸ ಮುಗಿಯಿತು, ಸೀಟಿ ಮಾತ್ರ ಬಾಯಿಂದ ಇಳಿಯಲಿಲ್ಲ. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಮನೆಯ ಹಸುವಿಗೂ ಅದೇ ಕಾನೂನು, ಹೆಂಡತಿಗೂ ಅದೇ. ಅವಳು ಮಾತ್ರ ಒಂದು ದಿನವೂ ನಿಂತವಳಲ್ಲ.

ಆ ವರ್ಷ ಅವಳು ಹನ್ನೊಂದು ಮೊಟ್ಟೆಯ ಮೇಲೆ ಕೋಳಿಯನ್ನು ಕಾವಿಗೆ ಕೂರಿಸಿದ್ದಳು. ಗುಡುಗಿಗೆ ಕೆಡದಿರಲಿ ಎಂದು ಕುಕ್ಕೆಯೊಳಗೆ ಇದ್ದಿಲು, ಕಬ್ಬಿಣದ ಚೂರು ಎಲ್ಲ ಇಟ್ಟಿದ್ದಳು. ಅಷ್ಟರಲ್ಲಿ ಹೊಟ್ಟೆಯ ಆಪರೇಶನ್ನಿಗೆಂದು ಮೈಸೂರಿಗೆ ಹೋದವಳು ಗಾಯ ಮಾಗದೆ ಅಲ್ಲೇ ಉಳಿದಳು. ಮಗಳು ಅವಳ ಜೊತೆಗಿದ್ದಳು. ಇವನಿಗೆ ಅನ್ನ ಬೇಯಿಸಿ ಹಾಕಲು ನಾನು ನರಸೀಪುರದಿಂದ ಬಿಳಿಗೆರೆ ಕಡೆಯ ಇವನ ಊರಿಗೆ ಬಂದೆ. ನಾನು ಬಂದ ದಿನವೇ ಮೊಟ್ಟೆ ಒಡೆದು ಮರಿ ಬಂದವು. ಹನ್ನೊಂದಕ್ಕೆ ಹನ್ನೊಂದೂ!

ಇವನು ಸಂಭ್ರಮದಲ್ಲಿ ಕುಣಿದಾಡಿಬಿಟ್ಟ. ಅಂಗಡಿಯವನು ಮರಿಗಳ ಫೀಡು ಕೊಡಲು ಬಂದರೆ, "ಚೀಲದ್ ಊಟ ತಿಂದ್ಕಂಡು ನಾನ್ ಬೆಳೆದ್ನಾ? ಎಲ್ಲಾ ನ್ಯಾಚುರಲ್ಲು" ಅಂದ. ಒಂದು ಮರಿಗೆ ಹಿಂದುಗಡೆ ಹಿಕ್ಕೆ ಮೆತ್ತಿಕೊಂಡು ಬಿಗಿದಿತ್ತು. ನೀರು ಬೆಚ್ಚಗೆ ಮಾಡಿ, ಹಳೇ ಪಂಚೆ ಅದ್ದಿ, ತೊಳೆದು, ಊದಿ ಊದಿ ಒಣಗಿಸಿದ. ತನ್ನ ಮಗಳ ತಿಕವನ್ನು ಒಂದು ದಿನವೂ ತೊಳೆದವನಲ್ಲ. ತಾಯಿಕೋಳಿ ಮರಿಗಳನ್ನು ಕರೆದುಕೊಂಡು ಅಂಗಳಕ್ಕೆ ಇಳಿದರೆ ಹಿಂದಿನಿಂದ ಎರಡು ಸೀಟಿ ಊದುತ್ತಿದ್ದ. "ನೋಡಕ್ಕ, ಎಂಗೆ ಮಾತು ಕೇಳ್ತವೆ."

"ಅದು ಒಂಟ ಮ್ಯಾಲೆ ನೀನು ಊದ್ತಾ ಇದ್ದೀಯ" ಅಂದೆ.

"ಬಸ್ಸಲ್ಲೂ ಡ್ರೈವರ್ ಅಂಗೇ ಮಾಡ್ತಿದ್ದ" ಅಂದ.

ಮೂರನೇ ದಿನ ಶ್ರಾವಣ ಹುಟ್ಟಿತು. ಕೋಳಿ ತಿಪ್ಪೆ ಕೆದರಿ ಒಂದು ಹುಳ ಎತ್ತಿಕೊಟ್ಟಿತು. ಮರಿ ಅದನ್ನು ಕೊಕ್ಕಲ್ಲಿ ಹಿಡಿದು ಓಡಿತು. ನನ್ನ ತಮ್ಮ ಅರವತ್ತೆರಡನೇ ವಯಸ್ಸಲ್ಲಿ ಪಂಚೆ ಎತ್ತಿಕಟ್ಟಿ ಅದರ ಹಿಂದೆ ಓಡಿದ. "ಉಗುಳೇ, ಶ್ರಾವಣ ಕಣೇ, ಉಗುಳು" ಅನ್ನುತ್ತಾ ಕೊಕ್ಕು ಬಿಡಿಸಿ ಹುಳ ಕಿತ್ತು ಎಸೆದ. ಅದನ್ನು ಕಾಗೆ ತಿಂದಿತು. ಕಾಗೆ ಈ ಮನೆಯದಲ್ಲವಂತೆ, ಅದಕ್ಕೆ ಅಡ್ಡಿಯಿಲ್ಲ.

ಅವತ್ತಿನಿಂದ ತಾಯಿ, ಮರಿ ಎಲ್ಲ ಸಿಮೆಂಟು ಜಗಲಿಯ ಮೇಲೆ ಪಂಜರದ ಕೆಳಗೆ. ಬಿಸಿಲಿಲ್ಲ, ಸೊಪ್ಪಿಲ್ಲ, ಹುಳವಿಲ್ಲ. ಮೂರು ಹೊತ್ತೂ ರಾಗಿನುಚ್ಚು. ಹತ್ತು ದಿನ ಕಳೆಯುವುದರೊಳಗೆ ಮೂರು ಮರಿಗಳ ಕಾಲ್ಬೆರಳು ಒಳಕ್ಕೆ ಮಡಚಿಕೊಂಡವು. ಮೊಣಕಾಲಲ್ಲಿ ತೆವಳುತ್ತಿದ್ದವು. ನಾನು ಅವುಗಳನ್ನು ಕುಕ್ಕೆಗೆ ಹಾಕಿಕೊಂಡು ಬಿಳಿಗೆರೆಯಲ್ಲಿ ದನದ ಡಾಕ್ಟರಮ್ಮನಿಗೆ ತೋರಿಸಿದೆ. ಇವನೂ ಬಂದ.

"ಏನ್ ತಿನ್ನಿಸ್ತೀರಿ?" ಅಂದಳು. ಇವನು ಎದೆಯುಬ್ಬಿಸಿ ಹೇಳಿದ. ಆ ಹುಡುಗಿ ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದಳು. "ಎಳೇ ಮರಿಗೆ ಸತ್ವ ಬೇಕು ಸಾರ್. ಹುಳ, ಸೊಪ್ಪು, ಬಿಸಿಲು. ಇನ್ನೊಂದೆರಡು ದಿನ ಹಿಂಗೇ ಬಿಟ್ರೆ ಇವು ಏಳಲ್ಲ, ಮಿಕ್ಕಿದ್ದೂ ಕೂತ್ಕೊಳ್ತವೆ" ಅಂತ ಒಂದು ಸೀಸೆ ಟಾನಿಕ್ಕೂ ಕೊಟ್ಟಳು.

ಮನೆಗೆ ಬಂದ ಮೇಲೆ ಉಗಿದೆ. "ಲೋ, ನಿಂಗೆ ಶ್ರಾವಣ ಇದ್ರೆ ನೀನ್ ಮಾಡು. ಕೋಳಿ ಯಾವ ದೇವ್ರಿಗೆ ಕೈ ಮುಗ್ದಿತ್ತು?"

ಸೊಪ್ಪು ಕೊಡಲು ಒಪ್ಪಿದ, ಬಿಸಿಲಿಗೂ ಒಪ್ಪಿದ, ಟಾನಿಕ್ಕಿಗೂ ಒಪ್ಪಿದ. ಹುಳಕ್ಕೆ ಮಾತ್ರ ಒಪ್ಪಲಿಲ್ಲ.

ಸಂಜೆ ಮೈಸೂರಿಂದ ಅವಳ ಫೋನು. ದಿನಾ ಬರುತ್ತಿತ್ತು. ಗಂಡನ ಊಟ ಆಯಿತೇ ಎಂದು ಕೇಳುವ ಮೊದಲು ಮರಿ ಎಷ್ಟಿವೆ ಎಂದು ಕೇಳುವ ಹೆಂಗಸು. "ಅನ್ನೊಂದೂ ಓಡಾಡ್ಕಂಡವೆ ಕಣೆ, ಕೇಳಿಸ್ಕೊ" ಅಂದವನೇ ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿ ಫೋನಿನ ಬಾಯಿಗೆ ಹಿಡಿದ. ಅದು ಚಿಂವ್ ಚಿಂವ್ ಅಂದಿತು. ಆ ಕಡೆಯಿಂದ ಅವಳು ನಕ್ಕದ್ದು ನನಗೂ ಕೇಳಿಸಿತು. ಅವನ ಕೈಯಲ್ಲಿದ್ದದ್ದು ಕಾಲು ಮಡಚಿದ ಮರಿ.

ಫೋನು ಇಟ್ಟು ಸುಮಾರು ಹೊತ್ತು ಮರಿಯನ್ನು ಕೆಳಗಿಳಿಸಲಿಲ್ಲ. ಆಮೇಲೆ ಹೇಳಿದ. "ಅರಕೆ ಓತ್ಕಂಡಿವ್ನಿ ಅಕ್ಕ, ನಂಜುಂಡಪ್ಪಂಗೆ. ಈ ಶ್ರಾವಣ ಪೂರ್ತಿ ನಮ್ಮನೇಲಿ ಒಂದ್ ಬಾಯಿಗೂ ಜೀವ ಓಗಾಕಿಲ್ಲ, ಅವ್ಳನ್ನ ನಡೆಸ್ಕಂಡ್ ಮನೆಗೆ ಕಳ್ಸು ಅಂತ. ಮರಿಗೆ ಉಳ ಆಕ್ಬುಟ್ಟು, ಅಲ್ಲಿ ಅವ್ಳಿಗೇನಾರ ಆದ್ರೆ? ಆಕ್ದೆ ಇವು ಸತ್ರೆ, ಬಂದು ಎಣಿಸ್ತಾಳೆ. ನಾನೇನ್ ಏಳ್ಲಿ?"

ನನಗೆ ಅಳು ಗಿಳು ಬರುವುದಿಲ್ಲ. ಎದ್ದು ಹಿತ್ತಿಲಿಗೆ ಹೋದೆ. ಬಾಯಿ ಒಡೆದ ಮಡಕೆಯೊಂದು ಬಿದ್ದಿತ್ತು. ಅದಕ್ಕೆ ಸಗಣಿ, ಹುಲ್ಲು ತುಂಬಿ ನೀರು ಚಿಮುಕಿಸಿದೆ. ರಸ್ತೆ ದಾಟಿ ಆಚೆ ಬದಿಯ ಹೊಲದ ಬದುವಿನಲ್ಲಿ, ಗೆದ್ದಲು ಮಣ್ಣು ಎದ್ದಿರುವ ಕಡೆ ಕವುಚಿ ಇಟ್ಟು ಬಂದೆ. ನಮ್ಮವ್ವ ಮರಿ ಸಾಕುತ್ತಿದ್ದದ್ದೇ ಹಾಗೆ.

ಮಾರನೇ ದಿನ ಬೆಳಿಗ್ಗೆ ಹನ್ನೊಂದು ಮರಿಯನ್ನೂ ತಾಯಿಯನ್ನೂ ಕುಕ್ಕೆಗೆ ತುಂಬಿಕೊಂಡು ಹೊರಟೆ. ಅವನು ಗೇಟಿನವರೆಗೆ ಬಂದ.

"ನೀನು ದಾಟಬ್ಯಾಡ" ಅಂದೆ. "ಒಲ ನಿನ್ ಮನೆಯಲ್ಲ. ನಾನು ನರಸೀಪುರದೋಳು, ನಾನೂ ನಿನ್ ಮನೆಯೋಳಲ್ಲ. ಅರಕೆ ನಿಂದು, ಕೈ ನಂದು. ನಂಜುಂಡಪ್ಪ ಏನಾರ ಕೇಳೋದಿದ್ರೆ ನನ್ನ ಕೇಳ್ಲಿ. ಆ ಕಡೆ ತಿರುಗ್ಕೊ."

ತಿರುಗಿದ. ಗೋಡೆಗೆ ಮುಖ ಹಾಕಿ ನಿಂತ, ಶಾಲೆಯಲ್ಲಿ ಶಿಕ್ಷೆ ಹಾಕಿದ ಹುಡುಗನ ಹಾಗೆ. ನಾನು ಬದು ಸೇರಿ ಕುಕ್ಕೆ ಇಳಿಸಿದೆ. ಮಡಕೆ ಎತ್ತಿದರೆ ಒಳಗೆಲ್ಲ ಬೆಳ್ಳಗೆ ಮಿಜಿಮಿಜಿ ಗೆದ್ದಲು.

ಬಗ್ಗಿದವಳು ಹಾಗೇ ಕಾದೆ. ಆ ಕಡೆಯಿಂದ ಸೀಟಿ ಕೇಳಿಸಿತು. ಒಂದು. ಆಮೇಲೆ, ಸ್ವಲ್ಪ ತಡವಾಗಿ, ಇನ್ನೊಂದು.

ಕಾಲು ಮಡಚಿದ ಮೂರು ಮರಿಗಳನ್ನು ಮುಂದಕ್ಕೆ ಎಳೆದುಕೊಂಡು ಮಡಕೆ ಕೊಡವಿದೆ.