ತುತ್ತ ಹಾಕದ ಅಂಟು

ಬಿಟ್ಟಂಗಾಲದ ಪೂವಯ್ಯ, ಪಾಲಿಬೆಟ್ಟದ ಸವರಿಮುತ್ತುವಿಗೆ ಕೊಡಬೇಕಾದ ಬಾಕಿ ಇಪ್ಪತ್ತೇಳು ಕಾರ್ಡು. ರೇಷನ್ ಕಾರ್ಡಲ್ಲ, ಎಟಿಎಂ ಕಾರ್ಡಲ್ಲ. ಹಬ್ಬದ ಶುಭಾಶಯದ ಕಾರ್ಡು! ಸವರಿಮುತ್ತು ಕ್ರೈಸ್ತ, ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಅವನದಲ್ಲ. ಆದರೂ ಪ್ರತಿ ಹುತ್ತರಿಗೆ ಕೈಯಾರೆ ಒಂದು ಕಾರ್ಡು ಮಾಡಿ, ಹೊಸ ಭತ್ತದ ತೆನೆಯೊಂದನ್ನು ಅಂಟಿಸಿ, ದುಂಡನೆಯ ಅಕ್ಷರದಲ್ಲಿ ಶುಭಾಶಯ ಬರೆದು ಪೂವಯ್ಯನಿಗೆ ಕಳಿಸುತ್ತಿದ್ದ. ಪೂವಯ್ಯನಾದರೋ ಪ್ರತಿ ಕ್ರಿಸ್ಮಸ್ಸಿಗೆ ಕೈ ಬೀಸಿಕೊಂಡು ಹೋಗಿ, ಕೇಕು ತಿಂದು, ಬಾಯಿ ಒರೆಸಿಕೊಂಡು ಬರುತ್ತಿದ್ದ. ಕೂಲಿ ಬಾಕಿ ಇಟ್ಟ ಧಣಿಗಳ ಗೇಟಿನ ಮುಂದೆ ಗಂಟಲು ಹರಿದುಕೊಂಡ ವೀರಾಧಿವೀರನ ಸ್ವಂತ ವ್ಯವಹಾರ ಇದು!

ಇಬ್ಬರದೂ ಚಳವಳಿಯ ಗೆಳೆತನ. ತೋಟ ಕಾರ್ಮಿಕರ ಸಂಘದಲ್ಲಿ ಪೋಸ್ಟರ್ ಬರೆಯುವವನು ಸವರಿಮುತ್ತು, ಗೋಡೆಗೆ ಅಂಟಿಸುವವನು ಪೂವಯ್ಯ. ಈ ಸಲದ ಹುತ್ತರಿ ಕಾರ್ಡಿನ ಹಿಂಬದಿಯಲ್ಲಿ ಇನ್ನೆರಡು ಸಾಲು ಇದ್ದವು: "ಪೂವಣ್ಣ, ಮೂವತ್ತೆಂಟು ವರ್ಷ ಕಾಫಿ ಕೊಯ್ದು ನನಗೆ ರಿಟೈರ್ ಆಯ್ತು. ಡಿಸೆಂಬರ್ ಮುಗಿಯುವುದರೊಳಗೆ ತೋಟದವರು ಕೊಟ್ಟ ಲೈನ್ ಮನೆ ಖಾಲಿ ಮಾಡಬೇಕಂತೆ. ಕ್ರಿಸ್ಮಸ್ಸಿಗೆ ತಪ್ಪಿಸಬೇಡ, ಈ ಮನೆಯಲ್ಲಿ ಇದೇ ಕೊನೆ."

ಪೂವಯ್ಯ ಆ ಸಾಲುಗಳನ್ನು ಮತ್ತೆ ಮತ್ತೆ ಓದಿದ. ಆಮೇಲೆ ಎದ್ದು ನಿಂತು ಅಂಗಿಯ ತೋಳು ಮಡಚಿದ.

"ತಂಗಮ್ಮಾ! ಇಪ್ಪತ್ತೇಳು ಕಾರ್ಡನ್ನೂ ಒಂದೇ ಏಟಿಗೆ ತೀರಿಸಿಬಿಡ್ತೇನೆ! ಕೈಯಾರೆ ನಾನೇ ಮಾಡ್ತೇನೆ!"

"ನೀವಾ?" ಹೆಂಡತಿ ಮೊರದಿಂದ ತಲೆಯೆತ್ತಿದಳು. "ಮೊನ್ನೆ ಅಂಗಿಗೆ ಗುಂಡಿ ಹೊಲಿಲಿಕ್ಕೆ ಹೋಗಿ ಉಟ್ಟ ಪಂಚೆಗೂ ಸೇರಿಸಿ ಹೊಲ್ಕೊಂಡವ್ರು!"

"ವಿರಾಜಪೇಟೆಯ ಗೋಡೆಗೋಡೆಗೂ ಅಂಟಿಸಿದ ಕೈ ಇದು!"

"ಗೋಡೆಗೆ ಬಾಯಿಲ್ಲ, ಸುಮ್ನಿತ್ತು."

ಪೂವಯ್ಯ ಸೋಲುವ ಪೈಕಿಯಲ್ಲ. ಪೇಟೆಯಿಂದ ದಪ್ಪ ಹಾಳೆ ತಂದ, ಕೆಂಪು ಬಣ್ಣ ತಂದ. ಕುಂಚ ಕೈಗೆ ಬಂದದ್ದೇ ತಡ, ಬರೆದೇ ಬರೆದ. ತಂಗಮ್ಮ ಬಗ್ಗಿ ಓದಿದಳು. "ಕ್ರಿಸ್ಮಸ್ ಚಿರಾಯುವಾಗಲಿ! ಸವರಿಮುತ್ತು ಅವರಿಗೆ ಜಯವಾಗಲಿ!"

"ಓಟಿಗೆ ನಿಂತಿದ್ದಾನಾ ಅವನು?"

"ಶುಭಾಶಯ ಅಂದ್ರೆ ಗಟ್ಟಿಯಾಗಿರ್ಬೇಕು."

"ಇದೆಂತ, 'ಕೇಕು ನಮ್ಮ ಹಕ್ಕು'?"

"ಸತ್ಯ ತಾನೇ!"

ಮುಂದಿನದು ಅಂಟು. ಪೂವಯ್ಯನಿಗೆ ಗೊತ್ತಿದ್ದ ಅಳತೆ ಒಂದೇ, ಬಕೆಟ್ಟು. ಹಾಗಾಗಿ ಅಡುಗೆಮನೆಗೆ ನುಗ್ಗಿ ದೊಡ್ಡ ಪಾತ್ರೆಯಲ್ಲಿ ಮೂರು ಕಿಲೋ ಮೈದಾ ಕಲಸಿ ಒಲೆಗಿಟ್ಟ. ಕಾಫಿ ಗಿಡಕ್ಕೆ ಹೊಡೆಯುವ ಮೈಲುತುತ್ತದ ಡಬ್ಬಿಯನ್ನೂ ತಂದ. ಅಂಟಿಗೆ ಒಂದು ಹಿಡಿ ತುತ್ತ ಬೆರೆಸಬೇಕು, ಇಲ್ಲವಾದರೆ ಬೀದಿ ದನ ಪೋಸ್ಟರನ್ನು ನೆಕ್ಕಿ ತಿಂದುಬಿಡುತ್ತದೆ. ಇದು ಚಳವಳಿಯಲ್ಲಿ ಕಲಿತ ಮೊಟ್ಟಮೊದಲ ಪಾಠ.

ತಂಗಮ್ಮ ಸೌಟು ಎತ್ತಿದಳು. "ಅನ್ನ ಬೇಯುವ ಪಾತ್ರೆಗೆ ವಿಷ ಹಾಕ್ತೀರಾ? ಹಾಕಿ ನೋಡುವಾ!"

ಲಾಠಿಗೆ ಬಗ್ಗದವನು ಸೌಟಿಗೆ ಬಗ್ಗಿದ. ಮೇಲಾಗಿ ಅವನಿಗೂ ಅನ್ನಿಸಿತು, ಹಬ್ಬದ ಶುಭಾಶಯಕ್ಕೆ ವಿಷ ಬೆರೆಸುವುದು ಸರಿಯಲ್ಲ. ತುತ್ತವಿಲ್ಲದ ಅಂಟನ್ನು ಬಕೆಟ್ಟಿಗೆ ಸುರಿದ. ಒಂದೊಂದು ಕಾರ್ಡಿಗೂ ಎರಡೆರಡು ಭತ್ತದ ತೆನೆ ಮೆತ್ತಿದ. ಸವರಿಮುತ್ತು ಒಂದು ಅಂಟಿಸುತ್ತಿದ್ದನಲ್ಲ, ತನ್ನದು ಒಂದು ಕೈ ಮೇಲೆಯೇ ಇರಲಿ! ಕ್ರಿಸ್ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ಇಪ್ಪತ್ತೇಳನ್ನೂ ಕಾಫಿ ಒಣಗಿಸುವ ಕಣದಲ್ಲಿ ಸಾಲಾಗಿ ಹರಡಿ, ಗೆದ್ದ ಸೇನಾಪತಿಯಂತೆ ಜಗಲಿಯಲ್ಲಿ ಗೊರಕೆ ಹೊಡೆದ.

"ಇವ್ರೇ! ಏಳಿ! ನಿಮ್ಮ ಕಾರ್ಡು ಓದ್ತಾ ಉಂಟು!"

"ಯಾರು?"

"ಹಸು!"

ಪೂವಯ್ಯ ಪಂಚೆ ಎತ್ತಿಕಟ್ಟಿ ಓಡಿದ. ಮನೆಯ ಕೆಂಪು ಹಸು ಇಪ್ಪತ್ತಾರನ್ನು ಮುಗಿಸಿ ಕೊನೆಯದಕ್ಕೆ ಬಾಯಿ ಹಾಕಿತ್ತು. 'ಜಯವಾಗಲಿ' ಒಳಗೆ ಹೋಗಿತ್ತು, 'ಸವರಿಮುತ್ತು' ಹೊರಗೆ ಜೋಲುತ್ತಿತ್ತು. ಪೂವಯ್ಯ ಈ ಕಡೆ ಎಳೆದ, ಹಸು ಆ ಕಡೆ ಎಳೆಯಿತು. ಕಾಗದ ಹರಿಯಿತು. ಪೂವಯ್ಯ ಹಿಂದಕ್ಕೆ ಹೋಗಿ ಕಣದ ಬದಿಯಲ್ಲಿ ಬಿಟ್ಟಿದ್ದ ಅಂಟಿನ ಬಕೆಟ್ಟಿನಲ್ಲಿ ಸಿಂಹಾಸನಾರೂಢನಾದ!

"ನಾಳೆ ಹಾಲು ಕೆಂಪು ಬಂದ್ರೆ ನೀವೇ ಕುಡಿಬೇಕು," ಎಂದಳು ತಂಗಮ್ಮ. ಬಕೆಟ್ಟಿನಿಂದ ಏಳದೆ ಅವನು ಬರಿದಾದ ಕಣವನ್ನೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಪೂವಯ್ಯ ಎಂದಿನಂತೆ ಬರಿಗೈಯಲ್ಲಿ ಪಾಲಿಬೆಟ್ಟದ ಬಸ್ಸು ಹತ್ತಿದ. ಲೈನಿನ ಬೇರೆ ಬಾಗಿಲುಗಳಲ್ಲೆಲ್ಲ ಕಾಗದದ ನಕ್ಷತ್ರ ತೂಗುತ್ತಿತ್ತು. ಸವರಿಮುತ್ತುವಿನ ಬಾಗಿಲಲ್ಲಿ ಬರೀ ಮೊಳೆ. ಒಳಗೆ ಪಾತ್ರೆಗಳೆಲ್ಲ ಆಗಲೇ ಗೋಣಿಚೀಲ ಸೇರಿದ್ದವು. ಸವರಿಮುತ್ತು ಕೇಕನ್ನು ಪೇಪರಿನ ಮೇಲಿಟ್ಟು ಕೊಟ್ಟ.

ಪೂವಯ್ಯ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. ಸವರಿಮುತ್ತು ಕೆಮ್ಮು ಬರುವವರೆಗೆ ನಕ್ಕ.

"ತುತ್ತ ಹಾಕದೆ ಅಂಟು ಕಾಯ್ಸಿದ್ಯಾ? ಅಯ್ಯೋ ಸಾಮಿ! ಇಷ್ಟು ವರ್ಷ ಸಂಘದಲ್ಲಿ ಏನ್ ಕಲ್ತೆ ಪೂವಣ್ಣ?"

"ನಗು, ನಗು. ಮುಂದಿನ ಸಲ ಪೋಸ್ಟಿಗೇ ಹಾಕ್ತೇನೆ. ವಿಳಾಸ ಹೇಳು," ಎಂದು ಪೂವಯ್ಯ ಪೆನ್ನು ತೆಗೆದ.

ಸವರಿಮುತ್ತು ಗೋಣಿಚೀಲದ ಬಾಯಿಗೆ ಹಗ್ಗ ಬಿಗಿಯತೊಡಗಿದ. "ಎರಡು ತಿಂಗಳು ಮಗಳ ಹತ್ರ, ಸೋಮವಾರಪೇಟೆ ಕಡೆ. ಅದೂ ಲೈನ್ ಮನೆನೇ. ಅಲ್ಲಿ ತೋಟದ ಲೆಕ್ಕ ಬರೆಯೋ ರೈಟರ್ ಸುಮ್ನಿದ್ರೆ."

"ಆಮೇಲೆ?"

"ಆಮೇಲೆ ಬಸ್ ಸ್ಟ್ಯಾಂಡ್ ಅಂತ ಬರಿ. ನಿನ್ನ ಅಕ್ಷರ ಪೋಸ್ಟ್‌ಮ್ಯಾನಿಗೆ ಹೇಗೂ ಓದ್ಲಿಕ್ಕೆ ಬರಲ್ಲ!"

ಇಷ್ಟು ಹೇಳಿ ಅವನೇ ನಕ್ಕ. ಪೂವಯ್ಯ ನಗಲಿಲ್ಲ. "ದುಡಿದವನಿಗೆ ನಿವೇಶನ ಕೊಡಿ" ಎಂದು ಇವರಿಬ್ಬರೂ ಗೋಡೆ ತುಂಬಿಸಿದ್ದು ಒಂದು ದಿನವಲ್ಲ, ಎರಡು ದಿನವಲ್ಲ. ಆ ಗೋಡೆಗಳಿಗೆ ಆಮೇಲೆ ಸುಣ್ಣ ಹೊಡೆದರು, ಅಷ್ಟೇ. ಪೂವಯ್ಯ ಪೆನ್ನಿನ ಕ್ಯಾಪು ಮುಚ್ಚಿ ಚೀಲದ ಇನ್ನೊಂದು ತುದಿ ಹಿಡಿದುಕೊಂಡ.

ಮನೆಗೆ ಬಂದು ಅವನು ಒಂದೇ ಒಂದು ಕಾರ್ಡು ಮಾಡಿದ. ಸೊಟ್ಟಗಿದೆ, ಬಣ್ಣ ಹರಿದಿದೆ, ಆದರೆ ಇದೆ. ಕವರಿನ ಮೇಲೆ 'ಶ್ರೀ ಸವರಿಮುತ್ತು ಅವರಿಗೆ' ಎಂದು ಬರೆದು ಆಯಿತು. ಅದರ ಕೆಳಗೆ ಖಾಲಿ.

ನಕ್ಕಿರಲ್ಲ? ಸಾಕು. ಈಗ ಕೈಯಲ್ಲಿರುವ ಕಾಫಿ ಲೋಟ ಕೆಳಗಿಡಿ. ಮೂವತ್ತೆಂಟು ವರ್ಷ ಅದಕ್ಕೆ ಹಣ್ಣು ಕೊಯ್ದವನಿಗೆ ಒಂದು ಮನೆ ನಂಬರಿಲ್ಲ. ಎದ್ದು ನಿಮ್ಮ ಪಂಚಾಯ್ತಿಗೆ ಹೋಗಿ, ಮೇಜು ಕುಟ್ಟಿ, ಅವನಿಗೆ ನಾಲ್ಕು ಸೆಂಟು ಜಾಗ ಕೇಳಿ. ಕೊಡುವವರೆಗೆ ಅಲ್ಲಿಂದ ಏಳಬೇಡಿ. ಈ ಕವರಿಗೆ ವಿಳಾಸ ತನ್ನಿ!